ಸಂಗೀತ ಕಲಿತರೆ ಮಾತು ಬರುತ್ತಾ ಮೇಡಂ?

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯವರ ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಹುಡುಗಿಗೆ 13 ವರ್ಷ. ಮನೆಯಲ್ಲಿ ಪುಟ್ಟಿ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಆಟಿಸಂ ಇದೆ ಅಂತ ಚಿಕ್ಕವಳಿದ್ದಾಗಲೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಗೊತ್ತಾಗಿತ್ತು. ಕಿವಿಯ ಪರೀಕ್ಷೆಯೂ ಆಗಿದೆ, ದೋಷವಿಲ್ಲ. ಮಾತು ಕಡಿಮೆ. ಬೇಕಾದ್ದನ್ನು ಒಂದೆರಡು ಪದದಲ್ಲಿ ಕೇಳುತ್ತಾಳೆ, ಇಲ್ಲಾಂದ್ರೆ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾಳೆ. ಆದರೆ ಅಜ್ಜಿ ಹಾಡುವ ದೇವರನಾಮಗಳನ್ನು ಒಂದಕ್ಷರ ಬಿಡದೆ ಹಾಡುತ್ತಾಳೆ. ಆಲೂರು ಕಡೆಯವರು, ಈಗ ಹಾಸನದಲ್ಲಿ ಮನೆ. ಅಪ್ಪ ಬಸ್ ಡ್ರೈವರ್, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ.

ಸಂಗೀತದ ಕ್ಲಾಸಿನಿಂದ ವಾಪಸ್ ಕಳಿಸಿದ್ದಾರೆ ಅಂತ ಅಪ್ಪ ಅಮ್ಮ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಕೂರಲ್ಲ, ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ, ಶ್ರುತಿ ಪೆಟ್ಟಿಗೆ (ಹಾಡಿಗೆ ಆಧಾರದ ಸ್ವರ ನುಡಿಸುವ ಪೆಟ್ಟಿಗೆ) ಮುಟ್ಟುತ್ತಾಳೆ, ಬೇರೆ ಮಕ್ಕಳ ಪಾಠ ಕೆಡುತ್ತೆ ಅನ್ನೋದು ಟೀಚರ್ ದೂರು. ಅಮ್ಮನ ಸಂಕಟ ಬೇರೆ: "ಸಂಗೀತ ಕಲಿತ್ರೆ ಮಾತು ಬರುತ್ತೆ ಅಂದಿದ್ರು ಮೇಡಂ. ಈಗ ಅದೂ ಹೋಯ್ತಲ್ಲ?" ಅಪ್ಪನ ತಲೆಯಲ್ಲಿ ಇನ್ನೊಂದು. ಇವರ ಭಾವಮೈದ ಪುಟ್ಟಿ ಹಾಡಿದ್ದನ್ನು ವಿಡಿಯೋ ಮಾಡಿ ಹಾಕಿದ್ದ, ತುಂಬಾ ಜನ ನೋಡಿದ್ದರು. ಟಿವಿಯವರು ಕರೆಯಬಹುದಾ ಅಂತ ಅಪ್ಪನಿಗೆ ಆಸೆ.

ಒಬ್ಬರಿಗೆ ಸಂಗೀತ ಔಷಧ, ಇನ್ನೊಬ್ಬರಿಗೆ ಮಗಳು ಅದ್ಭುತ ಪ್ರತಿಭೆ. ಎಲ್ಲ ಮಕ್ಕಳ ಹಾಗೆ ಸುಮ್ನೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕಲಿಯೋ ವಿದ್ಯಾರ್ಥಿನಿ ಅಂತ ಅವಳನ್ನು ಯಾರೂ ನೋಡಿರಲಿಲ್ಲ. ನನ್ನ ಕೆಲಸ ಅಲ್ಲಿಂದಲೇ ಶುರುವಾಯಿತು.

ಮೊದಲು ಅಮ್ಮನ ಜೊತೆ ಕೂತೆ. ಸಂಗೀತ ಚಿಕಿತ್ಸೆ ಬೇರೆ, ಸಂಗೀತ ಪಾಠ ಬೇರೆ ಅಂತ ಬಿಡಿಸಿ ಹೇಳಿದೆ. ಚಿಕಿತ್ಸೆಯ ಬಗ್ಗೆಯೂ ಜಾಸ್ತಿ ಆಸೆ ಹುಟ್ಟಿಸಲಿಲ್ಲ. 9 ದೇಶಗಳ 364 ಆಟಿಸಂ ಮಕ್ಕಳನ್ನು ಸೇರಿಸಿಕೊಂಡು ಮಾಡಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಐದು ತಿಂಗಳು ಸಂಗೀತ ಚಿಕಿತ್ಸೆ ಕೊಟ್ಟರೂ ಆಟಿಸಂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಫಲ ಕಂಡ ಅಧ್ಯಯನಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಮಾತು ಬರಿಸುತ್ತೇವೆ ಅಂತ ಫೀಸು ಕೇಳುವವರನ್ನು ನಂಬಬೇಡಿ ಅಂದೆ. ಮಾತಿನ ತರಬೇತಿ ಅದರ ಪಾಡಿಗೆ ನಡೆಯಲಿ. ಹಾಡು ಅವಳಿಗೆ ಇಷ್ಟ, ಕಲಿಯೋಕೆ ಅಷ್ಟು ಕಾರಣ ಸಾಕಲ್ವಾ? ಅಮ್ಮ ಅತ್ತರು. ಆ ದಿನ ಬೇರೇನೂ ಮಾತಾಡಲಿಲ್ಲ.

ಆಮೇಲೆ ಟೀಚರನ್ನು ಕೇಳಿ ಒಪ್ಪಿಸಿ ಕ್ಲಾಸಿಗೆ ಹೋಗಿ ಕೂತೆ. ಕೆಟ್ಟ ಮನಸ್ಸಿನವರಲ್ಲ, ಸುಸ್ತಾಗಿದ್ದರು, ಅಷ್ಟೇ. ಮಹಡಿ ಮೇಲಿನ ರೂಮು, ಮೇಲೆ ಶೀಟು. ಜುಲೈ ಮಳೆ ಶೀಟಿನ ಮೇಲೆ ಬೀಳುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಮಳೆ ಮೀರಿಸಬೇಕು ಅಂತ ಮಕ್ಕಳೆಲ್ಲ ಗಂಟಲು ಹರಿದುಕೊಂಡು ಹಾಡುತ್ತಿದ್ದರು. ನನಗೇ ತಲೆ ಸಿಡಿಯಿತು. ಪುಟ್ಟಿ ಕಿವಿ ಮುಚ್ಚಿಕೊಂಡಿದ್ದರಲ್ಲಿ ಆಶ್ಚರ್ಯವೇನಿದೆ?

ಶ್ರುತಿ ಪೆಟ್ಟಿಗೆಯದು ಸ್ವಾರಸ್ಯದ ಕತೆ. ದೊಡ್ಡ ಮಕ್ಕಳಿಗೆ ಟೀಚರ್ ಐದು ಮನೆ ಶ್ರುತಿ ಇಡುತ್ತಾರೆ, ಚಿಕ್ಕವರಿಗೆ ಐದೂವರೆ (ಮನೆ ಅಂದರೆ ಆಧಾರ ಸ್ವರದ ಎತ್ತರದ ಲೆಕ್ಕ, ಸಂಖ್ಯೆ ಹೆಚ್ಚಿದಷ್ಟೂ ಸ್ವರ ಮೇಲೆ). ಪುಟ್ಟಿ ಮೊದಲು ಸೇರಿದ್ದು ಐದೂವರೆಯ ಗುಂಪಿಗೆ. ಆಮೇಲೆ ವಯಸ್ಸು ನೋಡಿ ದೊಡ್ಡವರ ಜೊತೆ ಹಾಕಿದರು, ಗಲಾಟೆ ಶುರುವಾದದ್ದು ಆಗಲೇ. ಮಳೆ ನಿಂತ ಮೇಲೆ, ಉಳಿದ ಮಕ್ಕಳು ಹೋದ ಮೇಲೆ, ಟೀಚರ್ ನನ್ನ ಎದುರಿಗೇ ಪೆಟ್ಟಿಗೆಯ ತಿರುಗಣೆಯನ್ನು ಎಲ್ಲೋ ಒಂದು ಕಡೆ ತಿರುಗಿಸಿಟ್ಟರು. ಪುಟ್ಟಿ ಕಿಟಕಿ ಹತ್ತಿರದಿಂದ ಎದ್ದು ಬಂದಳು. ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿದಳು, ಸ್ವಲ್ಪ ಮುಂದೆ ಹೋಯಿತು, ಹಿಂದಕ್ಕೆ ತಂದಳು, ನಿಲ್ಲಿಸಿದಳು. ನೋಡಿದರೆ ಸರಿಯಾಗಿ ಐದೂವರೆ. "ಅಯ್ಯೋ, ನಾನು ಇದನ್ನ ತುಂಟತನ ಅನ್ಕೊಂಡಿದ್ನಲ್ಲ!" ಅಂದರು ಟೀಚರ್.

ಸ್ವರದ ಎತ್ತರವನ್ನು ಹೀಗೆ ಕಿವಿಯಲ್ಲೇ ಹಿಡಿಯುವ ಶಕ್ತಿ ಆಟಿಸಂ ಇರುವವರಲ್ಲಿ ಉಳಿದವರಿಗಿಂತ ಜಾಸ್ತಿ ಕಾಣುತ್ತದೆ. ಅಪ್ಪ ಇದನ್ನು ಕೇಳಿ ಖುಷಿಯಾದರು. ಇದು ತೊಂದರೆಯೂ ಹೌದು ಅಂತ ನಾನು ಹೇಳಬೇಕಾಯಿತು. ನಮ್ಮ ಸಂಗೀತದಲ್ಲಿ ಆಧಾರ ಸ್ವರವಾದ 'ಸ' ಎಲ್ಲಿ ಬೇಕಾದರೂ ಇರಬಹುದು. ಪುಟ್ಟಿಗೆ ಅದು ಒಂದೇ ಕಡೆ ಇರಬೇಕು. ಅದೇ ಗೀತೆಯನ್ನು ಅರ್ಧ ಮನೆ ಕೆಳಗೆ ಹಾಡಿದರೆ ಅವಳಿಗೆ ಎಲ್ಲ ಸ್ವರವೂ ತಪ್ಪು.

ಟೀಚರಿಗೆ ಕೊಟ್ಟ ಸಲಹೆ ದೊಡ್ಡದೇನಲ್ಲ. ಸದ್ಯಕ್ಕೆ ಐದೂವರೆಯಲ್ಲೇ ಕಲಿಸಿ. ಬೇರೆ ಶ್ರುತಿಗೆ ಆಮೇಲೆ, ಮೊದಲೇ ಹೇಳಿ, ಒಂದು ಹಾಡಿಗೆ ಮಾತ್ರ. ಗುಂಪು ಬರುವುದಕ್ಕೆ ಮುಂಚೆ ಹದಿನೈದು ನಿಮಿಷ ಅವಳೊಬ್ಬಳಿಗೆ, ಆಮೇಲೆ ಇಬ್ಬರು ಮಕ್ಕಳ ಜೊತೆ. ಶ್ರುತಿ, ಸರಳೆ, ಗೀತೆ, ಮುಗೀತು ಅಂತ ನಾಲ್ಕು ಚೀಟಿ ಬರೆದು ಗೋಡೆಗೆ ಅಂಟಿಸಿ, ಆದದ್ದನ್ನು ಅವಳೇ ಕಿತ್ತಿಡಲಿ (ಓದು ಬರುತ್ತದೆ). ಮುಂದೇನು ಅಂತ ಗೊತ್ತಿದ್ದರೆ ಅರ್ಧ ಗಲಾಟೆ ಕಡಿಮೆ. ನಿಂತು ಹಾಡಿದರೆ ನಿಂತೇ ಹಾಡಲಿ. ಯಾವ ರಾಗ ಅಂತ ಬಾಯಲ್ಲಿ ಕೇಳುವ ಬದಲು ಎರಡು ಹೆಸರು ಬರೆದು ಮುಂದಿಡಿ, ಬೆರಳಿಟ್ಟು ತೋರಿಸುತ್ತಾಳೆ. ಮಳೆ ಜೋರಿದ್ದರೆ ಸದ್ದು ತಗ್ಗಿಸುವ ಇಯರ್‌ಮಫ್ ಹಾಕಿಕೊಳ್ಳಲಿ, ಇಡೀ ದಿನ ಮಾತ್ರ ಬೇಡ, ಅದೇ ರೂಢಿಯಾದರೆ ಸಣ್ಣ ಸದ್ದೂ ತಡೆಯಲಾಗದೆ ಹೋಗಬಹುದು.

ಇದಕ್ಕೆ ಟೀಚರ್ ಒಂದು ಪ್ರಶ್ನೆ ಹಾಕಿದರು. ಗದಗಿನ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಕಲಿಸಲಿಲ್ವಾ ಅಂತ ಅಪ್ಪ ಮೊದಲೇ ವಾದ ಮಾಡಿದ್ದರಂತೆ. "ಅವರು ಕೂತು ಕೇಳ್ತಾರೆ ಮೇಡಂ, ಇವಳು ಕೂರಲ್ವಲ್ಲ?" ಅಂತ ಟೀಚರ್. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಲ್ಲಿ ಪಾಠ ಹೆಚ್ಚಾಗಿ ಕಿವಿ, ನೆನಪು, ಕೈಯ ಮೇಲೆ ನಡೆಯಿತು. ಮಕ್ಕಳಿಗೆ ಏನು ಸಾಧ್ಯವೋ ಅದಕ್ಕೆ ತಕ್ಕ ಹಾಗೆ ಪಾಠವಾಯಿತು. ಇಲ್ಲಿಯೂ ಕೇಳುತ್ತಿರುವುದು ಅಷ್ಟನ್ನೇ.

ಕಾನೂನು ತೋರಿಸಿ ಹೆದರಿಸೋಣವಾ ಅಂತ ಅಪ್ಪ ಕೇಳಿದರು. ಬೇಡ ಅಂದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಹೇಳಿರುವ 21 ಬಗೆಗಳಲ್ಲಿ ಆಟಿಸಂ ಇದೆ. ಕಲಾ ವಿಷಯಗಳ ಪಠ್ಯಕ್ರಮವನ್ನು ಇವರಿಗೂ ಭಾಗವಹಿಸಲು ಆಗುವಂತೆ ಬದಲಿಸಬೇಕು ಅಂತ 29ನೇ ಕಲಂ ಹೇಳುತ್ತದೆ. ಆದರೆ ಅದು ಸರ್ಕಾರಕ್ಕೆ ಹೊರಿಸಿದ ಹೊಣೆ. ಮನೆಯಲ್ಲಿ ಪಾಠ ಹೇಳುವವರ ಮೇಲೆ ಅದನ್ನು ಎತ್ತಿದರೆ ಪುಟ್ಟಿಗೆ ಇರುವ ಒಬ್ಬ ಟೀಚರೂ ಕೈತಪ್ಪುತ್ತಾರೆ. ಮುಂದೆ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟುವುದಾದರೆ ಮಾತು ಬೇರೆ. ಆಗ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೈಯಲ್ಲಿರಲಿ, ಹೆಚ್ಚಿನ ಸಮಯಕ್ಕೆ ಮುಂಚೆಯೇ ಅರ್ಜಿ ಕೊಡಿ. ಲಿಖಿತ ಪರೀಕ್ಷೆಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಇದೆ.

ಹಾಕಿದ್ದ ವಿಡಿಯೋವನ್ನು ಅಳಿಸಿಹಾಕಿಸಿದೆ. ಇದಕ್ಕೆ ಭಾವಮೈದನಿಗೆ ನನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ. ಕ್ಯಾಮೆರಾ ಎದುರು ಹಾಡೋದು ಅವಳಿಗೆ ಬೇಕಾ ಅಂತ ಯಾರೂ ಕೇಳಿರಲಿಲ್ಲ. ಫೋನ್ ಎತ್ತಿದರೆ ಮುಖ ತಿರುಗಿಸುತ್ತಾಳೆ, ಅದೇ ಉತ್ತರ.

ಈಗ ವಾರಕ್ಕೆ ಎರಡು ದಿನ ಹೋಗುತ್ತಾಳೆ. ಸರಳೆ ಆದ ಮೇಲಿನ ಪಾಠ ಜಂಟಿ ವರಸೆಗೆ ಬಂದಿದ್ದಾಳೆ. ಮಾತು ಮೊದಲಿನಷ್ಟೇ ಇದೆ. ತಾಳದ ಪಂಚಾಯ್ತಿ ಮಾತ್ರ ಮುಗಿದಿಲ್ಲ. ಆದಿತಾಳ ಅಂದರೆ ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲ್ಮುಖ ಮಾಡುವುದು) ಎರಡು ಸಲ. ಹಾಡುತ್ತಾ ಕೈಯಲ್ಲಿ ಇಷ್ಟು ಮಾಡು ಅಂದರೆ ಅವಳ ಹಾಡೇ ನಿಂತುಹೋಗುತ್ತದೆ. ಕೈ ಬಿಟ್ಟು ಕಾಲಲ್ಲಿ ಹಾಕಲಿ, ಎಂಟು ಹೆಜ್ಜೆ ನಡೆಯಲಿ ಅಂತ ನಾನು. ಕಾಲಲ್ಲಿ ತಾಳ ಹಾಕುವುದು ಸಂಪ್ರದಾಯವಲ್ಲ ಅಂತ ಟೀಚರ್. ಸದ್ಯಕ್ಕೆ ಅವರು ಹಾಕುತ್ತಾರೆ, ಪುಟ್ಟಿ ಅವರ ಅಂಗೈ ಮೇಲೆ ಕೈಯಿಟ್ಟುಕೊಂಡು ಹಾಡುತ್ತಾಳೆ. ದಸರಾ ರಜೆ ಮುಗಿದ ಮೇಲೆ ಅಪ್ಪ, ಅಮ್ಮ, ಟೀಚರ್ ಮೂವರೂ ಒಟ್ಟಿಗೆ ಬರಲಿ ಅಂತ ಹೇಳಿದ್ದೇನೆ.