ಮ್ಯೂನಿಕ್‌ನಲ್ಲಿ ಭಾನುವಾರ ಶಾಪಿಂಗಾ?

ಶನಿವಾರ ರಾತ್ರಿ ಮ್ಯೂನಿಕ್ ತಲುಪಿ ಭಾನುವಾರ ಪೂರ್ತಿ ಶಾಪಿಂಗ್ ಮಾಡಬಹುದಾ ಅಂತ ಕೇಳಿದ್ದೀರಿ. ಆಗಲ್ಲ ಸರ್. ಅಲ್ಲಿ ಭಾನುವಾರ ಅಂಗಡಿ ಮುಚ್ಚಬೇಕು ಅಂತ ಕಾನೂನೇ ಇದೆ. ಊರ ನಡುವಿನ ಚೌಕ ಮರಿಯೆನ್‌ಪ್ಲಾಟ್ಸ್ ಸುತ್ತ ಜನ ಏನೋ ಇರುತ್ತಾರೆ, ಆದರೆ ಗಾಜಿನ ಆಚೆಗಿರುವ ಶೂ ನೋಡಿಕೊಂಡು ಬರಬೇಕಷ್ಟೇ. ನಾನೂ ಒಮ್ಮೆ ಹಾಗೇ ಬಂದವನು! ಹಾಲು, ಬ್ರೆಡ್ಡು ಬೇಕಾದರೆ ಮುಖ್ಯ ರೈಲು ನಿಲ್ದಾಣದಲ್ಲಿ ಸಿಗುತ್ತದೆ.

ಅವತ್ತು ಸುಮ್ನೆ ಆಲ್ಟೆ ಪಿನಕೊಥೆಕ್‌ಗೆ ಹೋಗಿ. ಹಳೆಯ ಚಿತ್ರಗಳ ದೊಡ್ಡ ಮ್ಯೂಸಿಯಂ, ಭಾನುವಾರ ಟಿಕೆಟ್ ಬರೀ 1 ಯೂರೋ.

ಶಾಪಿಂಗ್ ಸೋಮವಾರಕ್ಕಿಡಿ. ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಒಂದೇ ಅಂಗಡಿಯಲ್ಲಿ 50 ಯೂರೋಗಿಂತ ಜಾಸ್ತಿ ಕೊಂಡರೆ ತೆರಿಗೆ ವಾಪಸಿನ ಫಾರಂ ಕೇಳಿ ಪಡೆಯಿರಿ. ಅಲ್ಲಿಂದ ನೇರ ಭಾರತಕ್ಕೆ ಹೊರಡುವುದಾದರೆ, ಸೂಟ್‌ಕೇಸ್ ವಿಮಾನಕ್ಕೆ ಹಾಕುವ ಮುಂಚೆಯೇ ಕಸ್ಟಮ್ಸ್‌ನಲ್ಲಿ ಆ ಫಾರಂಗೆ ಸೀಲ್ ಹಾಕಿಸಿ. ಆಮೇಲೆ ಸಾಮಾನು ತೋರಿಸಿ ಅಂದರೆ ಎಲ್ಲಿಂದ ತರ್ತೀರಿ?