ಪ್ರಾರ್ಥನೆಗೆ ಮೊದಲು ಸಂಬಳದ ತಾರೀಖು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸ. ಅವರಿಗೆ 52 ವರ್ಷ. ತಂದೆ ಕಟ್ಟಿದ ಬಿಡಿಭಾಗಗಳ ಕಾರ್ಖಾನೆ ನಡೆಸುತ್ತಾರೆ, 40 ಕೆಲಸಗಾರರಿದ್ದಾರೆ. ಧ್ಯಾನ ಶಿಬಿರವೊಂದನ್ನು ಮುಗಿಸಿ ಬಂದವರೇ, ಪಾಳಿಗೆ 15 ನಿಮಿಷ ಮೊದಲು ಎಲ್ಲರೂ ಪ್ರಾರ್ಥನೆಗೆ ಸೇರಬೇಕೆಂದು ನಿಯಮ ಮಾಡಿದರು. ನಾಲ್ಕು ತಿಂಗಳಲ್ಲಿ ಆರು ಜನ ಕೆಲಸ ಬಿಟ್ಟರು. "ಒಳ್ಳೇದನ್ನೇ ಕೊಡ್ತಿದ್ದೀನಲ್ಲ, ಯಾಕೆ ಬೇಡ ಇವರಿಗೆ?" ಎಂಬ ಪ್ರಶ್ನೆ ಹಿಡಿದು ಸಲಹೆ ಕೇಳಲು ಬಂದಿದ್ದರು.

ವಿಚಾರಿಸುತ್ತ ಹೋದಂತೆ ತಿಳಿದದ್ದು: ಪ್ರಾರ್ಥನೆಯ 15 ನಿಮಿಷಕ್ಕೆ ಸಂಬಳವಿಲ್ಲ. ಸಂಬಳವೂ ಒಂದು ತಿಂಗಳು 5ಕ್ಕೆ, ಇನ್ನೊಂದು ತಿಂಗಳು 14ಕ್ಕೆ. ಮಾಲು ವಾಪಸ್ ಬಂದ ದಿನ ಎಲ್ಲರೆದುರು ಕೂಗಾಟ. ತಂದೆಯ ಕಾಲದ ಮೇಲ್ವಿಚಾರಕರಿಗೂ ಹುಡುಗರ ಮುಂದೆಯೇ "ಏನ್ ಮಾಡ್ತಿದ್ದೆ ನೀನು?" ಬೆಳಿಗ್ಗೆ ಕೇಳಿಸಿದ ಕರುಣೆಯ ಮಾತಿನಿಂದಾಗಿ ಮಧ್ಯಾಹ್ನದ ಬೈಗುಳ ಇನ್ನಷ್ಟು ಚುಚ್ಚುತ್ತಿತ್ತು. ಪ್ರಾರ್ಥನೆ ಇಲ್ಲದಿದ್ದರೆ ಮುಂಗೋಪ ಎಂದು ಸುಮ್ಮನಾಗುತ್ತಿದ್ದರೇನೋ.

12ನೇ ಶತಮಾನದ ಶರಣರು ಕಾಯಕ, ದಾಸೋಹ ಎರಡನ್ನೂ ಜೊತೆಗಿಟ್ಟೇ ಹೇಳಿದವರು. ಸ. ಅವರಿಗೆ ವಚನಗಳ ಓದು ಇತ್ತು. ಹಾಗಾಗಿ ಅವರ ಕಾಯಕದಲ್ಲಿ ಸತ್ಯ ಎಲ್ಲಿ ಜಾರುತ್ತಿದೆ ಎಂಬಲ್ಲಿಂದಲೇ ಮಾತು ಶುರುವಾಯಿತು.

ಮೊದಲ ಸಲಹೆ ಸಂಬಳದ್ದು. ಗಿರಾಕಿಗಳ ಹಣ ತಡವಾಗುವುದರಿಂದ ತಾರೀಖು ಜಾರುತ್ತಿತ್ತು. ಬೇರೆ ಖಾತೆಯೊಂದನ್ನು ತೆರೆದು, ಬಂದ ಪ್ರತಿ ಬಿಲ್ಲಿನಿಂದ ಒಂದು ಪಾಲನ್ನು ಅಲ್ಲಿಗೆ ಹಾಕುತ್ತ ಒಂದು ತಿಂಗಳ ಸಂಬಳದಷ್ಟು ಕೂಡಿಡಬೇಕು. ಮಾಲೀಕರು ತಮ್ಮ ಪಾಲು ತೆಗೆದುಕೊಳ್ಳುವುದು ಎಲ್ಲರಿಗೂ ಸಂದಾಯವಾದ ಮೇಲೆಯೇ. ಪ್ರಾರ್ಥನೆ ಇಷ್ಟವಿದ್ದವರಿಗೆ ಮಾತ್ರ, ಅದೂ ಪಾಳಿಯ ಸಮಯದೊಳಗೆ. ಮೂರು ತಿಂಗಳು ಸ. ಅವರು ಅದನ್ನು ಮುಂದೆ ನಿಂತು ನಡೆಸಬಾರದು. ಯಾರು ಬಂದಿಲ್ಲ ಎಂದು ಮಾಲೀಕರ ಕಣ್ಣು ಹುಡುಕುತ್ತಿದ್ದರೆ ಅದು ಐಚ್ಛಿಕವಾಗಿ ಉಳಿಯುವುದಿಲ್ಲ.

ತಪ್ಪನ್ನು ಆ ದಿನವೇ ಹೇಳಬೇಕು, ಆದರೆ ಕೋಪ ಏರಿದ ಮೊದಲ ಅರ್ಧ ಗಂಟೆಯಲ್ಲಿ ಅಲ್ಲ, ಎಲ್ಲರ ಎದುರೂ ಅಲ್ಲ. ಅಹಿಂಸಾತ್ಮಕ ಸಂವಹನದ ವಿಧಾನ ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ ಹೇಳಿಕೊಟ್ಟ ಕ್ರಮ ಇಲ್ಲಿ ನೆರವಾಯಿತು: ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೋರಿಕೆ. "ಈ ಲಾಟಿನಲ್ಲಿ 12 ಪೀಸಿನ ಅಳತೆ ತಪ್ಪಿದೆ. ನನಗೆ ಆತಂಕ ಆಗಿದೆ, ಗಿರಾಕಿಗೆ ಕೊಟ್ಟ ಮಾತು ಉಳೀಬೇಕು. ಇನ್ನು ಪ್ರತಿ 50ಕ್ಕೊಮ್ಮೆ ಅಳೆದು ಬರೆದಿಡ್ತೀರಾ?" ಎಡವುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. "ನಿಮ್ಮ ನಿರ್ಲಕ್ಷ್ಯ ಕಂಡೆ" ಎಂದರೆ ಕಂಡದ್ದನ್ನು ಹೇಳಿದಂತಲ್ಲ, ಆಗಲೇ ತೀರ್ಪು ಕೊಟ್ಟಂತೆ.

ಅವಮಾನ ನಡೆದದ್ದು ಹತ್ತು ಜನರ ಮುಂದೆ ಎಂದಾದರೆ ಕ್ಷಮೆ ಕೇಳುವುದೂ ಆ ಹತ್ತು ಜನರ ಮುಂದೆಯೇ. ಒಂದು ನಿಮಿಷ ಸಾಕು. "ಆದರೆ" ಎಂಬ ಪದ ಬರಬಾರದು.

ಎಲ್ಲರಿಗೂ "ನೀವು" ಎನ್ನಿ ಎಂದು ಕೊಟ್ಟ ಸಲಹೆ ಒಂದು ಕಡೆ ತಿರುಗುಬಾಣವಾಯಿತು. ಏಕಾಏಕಿ ಬಹುವಚನ ಕೇಳಿದ ಹಿರಿಯ ಮೇಲ್ವಿಚಾರಕರು ತಮ್ಮನ್ನು ಕೆಲಸದಿಂದ ತೆಗೆಯುತ್ತಾರೆಂದು ಹೆದರಿದರು. ಕಾರಣ ಮೊದಲೇ ತಿಳಿಸಿ, ಅವರಿಗೆ ಯಾವುದು ಹಿತ ಎಂದು ಕೇಳಬೇಕಿತ್ತು. ಆ ಎಚ್ಚರಿಕೆಯನ್ನು ಸಲಹೆಯ ಜೊತೆಗೇ ಹೇಳಬೇಕಾಗಿತ್ತು.

ಎರಡನೇ ತಿಂಗಳು ತಪ್ಪುಗಳ ದಾಖಲೆ ಪುಸ್ತಕ ತುಂಬತೊಡಗಿತು. "ಸಲುಗೆ ಕೊಟ್ಟೆ, ಕೆಲಸ ಹಾಳಾಯ್ತು" ಎಂದು ಸ. ಗಾಬರಿಯಾದರು. 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರಿಗೂ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದು ಕಂಡಿತ್ತು. ಅಲ್ಲಿ ಮುಚ್ಚಿಡುವ ಭಯ ಕಡಿಮೆಯಿತ್ತು ಎಂಬುದು ಅವರ ವಿವರಣೆ. ಹಾಗಾಗಿ ಒಳಗೆ ಸಿಕ್ಕಿಬಿದ್ದ ತಪ್ಪುಗಳನ್ನೂ ಗಿರಾಕಿಯಿಂದ ಹಿಂತಿರುಗಿದವನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಲು ಸೂಚಿಸಲಾಯಿತು. ಆರನೇ ತಿಂಗಳಿಗೆ ಎರಡನೇ ಅಂಕಣ ಇಳಿದಿತ್ತು.

ಕೋಪ ಪೂರ್ತಿ ಹೋಗಿಲ್ಲ. ಐದನೇ ತಿಂಗಳಲ್ಲಿ ಒಮ್ಮೆ ಕೂಗಾಡಿ, ಮರುದಿನ ಅದೇ ಜಾಗದಲ್ಲಿ ಕ್ಷಮೆ ಕೇಳಿದ್ದಾರೆ. ಪ್ರಾರ್ಥನೆಗೆ ಈಗ ಒಂಬತ್ತು ಜನ ಬರುತ್ತಾರೆ. ಖರೀದಿ ನೋಡಿಕೊಳ್ಳುವ ಮಗ ಸರಬರಾಜುದಾರರೊಂದಿಗೆ ಇನ್ನೂ ಹಳೆಯ ದನಿಯಲ್ಲೇ ಮಾತನಾಡುತ್ತಾರೆ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಲಾಗಿದೆ.