ಮಕ್ಕಳ ಬೇಸ್‌ಬಾಲ್ ಶುರು ಮಾಡಲು ಮೊದಲು ಯಾರು ಬೇಕು?

ನಮಸ್ಕಾರ. ಪುಣೆ ಕಡೆಯ ವಾಕಡ್‌ನಲ್ಲಿ ನಾಲ್ಕೈದು ಕನ್ನಡ ಮನೆಯವರು ಸೇರಿ ಮಕ್ಕಳಿಗೆ ಬೇಸ್‌ಬಾಲ್ ಶುರು ಮಾಡಬೇಕು ಅಂದುಕೊಂಡಿದ್ದೀರಿ. ಕೋಚ್ ಎಲ್ಲಿ ಸಿಗುತ್ತಾರೆ, ಖರ್ಚು ಎಷ್ಟು, ಹೇಗೆ ನಡೆಸೋದು ಅಂತ ಕೇಳಿದ್ದೀರಿ. ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ಕೋಚ್ ಹುಡುಕುವ ಮೊದಲು, ಪ್ರತಿ ವಾರ ತಪ್ಪದೆ ನೋಟ್‌ಬುಕ್ ಹಿಡಿದು ಕೂರುವ ಒಬ್ಬರನ್ನು ಹುಡುಕಿ. ಇದನ್ನು ನಾವು ತಡವಾಗಿ ಕಲಿತೆವು. ಅದರ ನೋವನ್ನು ಒಬ್ಬ ಹುಡುಗ ಅನುಭವಿಸಿದ.

ನಾನು ಧಾರವಾಡದವಳು. ಕಾಲೇಜಿನಲ್ಲಿ ಬೇಸ್‌ಬಾಲ್ ತರಹದ್ದೇ ಆದ ಸಾಫ್ಟ್‌ಬಾಲ್ ಆಡಿದ್ದೆ. ಮದುವೆಯಾಗಿ ಪುಣೆ ಪಕ್ಕದ ನಿಗಡಿಗೆ ಬಂದು ಹದಿನೆಂಟು ವರ್ಷವಾಯಿತು. ಐದು ಸೀಸನ್‌ಗಳಿಂದ ಇಲ್ಲಿ ರವಿವಾರ ಬೆಳಿಗ್ಗೆ ಮಕ್ಕಳಿಗೆ ಬೇಸ್‌ಬಾಲ್ ಆಡಿಸುತ್ತಿದ್ದೇವೆ. ಹದಿನಾಲ್ಕು ಮಕ್ಕಳಿಂದ ಶುರುವಾಗಿದ್ದು ಈಗ ಅರವತ್ತರ ಹತ್ತಿರ ಬಂದಿದೆ. ಕನ್ನಡ ಮಕ್ಕಳು ನನ್ನನ್ನು ಅಕ್ಕ ಅನ್ನುತ್ತಾರೆ, ಮರಾಠಿ ಮಕ್ಕಳು ತಾಯಿ ಅನ್ನುತ್ತಾರೆ. ಮರಾಠಿಯಲ್ಲಿ ಅದಕ್ಕೂ ಅಕ್ಕ ಅಂತಲೇ ಅರ್ಥ.

ಮೊದಲ ಸೀಸನ್‌ನಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಅವನೊಬ್ಬನ ಎಸೆತ ಮಾತ್ರ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್ ಮೇಲೆ ಸರಿಯಾಗಿ ಬರುತ್ತಿತ್ತು. ಉಳಿದವರು ಎಸೆದರೆ ಚೆಂಡು ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ತಲೆ ಮೇಲೆ ಹೋಗುತ್ತಿತ್ತು, ಆಟವೇ ಮುಂದೆ ಸಾಗುತ್ತಿರಲಿಲ್ಲ. ಹಾಗಾಗಿ ಪ್ರತಿ ಪಂದ್ಯಕ್ಕೂ ಅವನನ್ನೇ ಪಿಚರ್ ಆಗಿ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನಾಗಿ, ನಿಲ್ಲಿಸಿದೆವು. ಎಷ್ಟು ಎಸೆದ ಅಂತ ಯಾರೂ ಎಣಿಸಲಿಲ್ಲ. ಐದನೇ ವಾರ ಅವನು ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿದ. ಅವನ ಅವ್ವ ಅದನ್ನು ನೋಡಿದರು. ನಾವ್ಯಾರೂ ನೋಡಿರಲಿಲ್ಲ.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಬೆಳೆಯುವ ಮಕ್ಕಳ ಮೊಣಕೈಯ ಒಳಬದಿಯಲ್ಲಿ ಎಲುಬಿನ ತುದಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ನಡುವೆ ಮೆತ್ತಗಿನ ಒಂದು ಪದರ ಇರುತ್ತದೆ. ಜೋರಾಗಿ ಎಸೆದಾಗಲೆಲ್ಲ ಸ್ನಾಯು ಆ ತುದಿಯನ್ನು ಜಗ್ಗುತ್ತದೆ. ವಿಶ್ರಾಂತಿ ಇಲ್ಲದೆ ಜಗ್ಗಿದರೆ ಅಲ್ಲಿ ಪೆಟ್ಟಾಗುತ್ತದೆ. ಇದಕ್ಕೆ ಲಿಟಲ್ ಲೀಗ್ ಎಲ್ಬೋ ಅಂತಲೇ ಹೆಸರಿದೆ. ಮೂರು ತಿಂಗಳು ಅವನು ಚೆಂಡು ಎಸೆಯಲಿಲ್ಲ. ಕೈ ಸರಿಹೋಯಿತು, ಈಗಲೂ ಆಡುತ್ತಾನೆ. ಆದರೆ ಆ ಮೂರು ತಿಂಗಳು ಅವನು ರವಿವಾರ ಬಂದು ಸುಮ್ನೆ ಕಟ್ಟೆ ಮೇಲೆ ಕೂರುತ್ತಿದ್ದ. ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಅಲ್ಲಿಂದ ನಮ್ಮ ಲೆಕ್ಕದ ಪುಸ್ತಕ ಶುರುವಾಯಿತು. ನಿಯಮಗಳನ್ನು ನಾವೇ ಕಟ್ಟಲು ಹೋಗಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಊರಿನಲ್ಲಿ 1939ರಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ತಮ್ಮ ಮನೆಯ ಸುತ್ತಲಿನ ಹುಡುಗರಿಗಾಗಿ ಲಿಟಲ್ ಲೀಗ್ ಶುರು ಮಾಡಿದರು. ಅಪ್ಪ ಅಮ್ಮಂದಿರೇ ನಡೆಸುವ ಮಕ್ಕಳ ಬೇಸ್‌ಬಾಲ್‌ಗೆ ಅದೇ ಮಾದರಿ. ಅವರ ನಿಯಮದಲ್ಲಿ ಒಂದು ದಿನಕ್ಕೆ ಇಷ್ಟೇ ಪಿಚ್ (ಪಿಚರ್‌ನ ಎಸೆತ) ಅಂತ ಮಿತಿ ಇದೆ. 7–8 ವರ್ಷದವರಿಗೆ 50, 9–10ರವರಿಗೆ 75, 11–12ರವರಿಗೆ 85. ಆಮೇಲೆ ವಿಶ್ರಾಂತಿ. 14 ವರ್ಷದೊಳಗಿನ ಮಗು 20ರವರೆಗೆ ಎಸೆದರೆ ಮರುದಿನವೂ ಎಸೆಯಬಹುದು. 21ರಿಂದ 35 ಎಸೆದರೆ ಒಂದು ದಿನ ಬಿಡಬೇಕು, 36ರಿಂದ 50ಕ್ಕೆ ಎರಡು ದಿನ, 51ರಿಂದ 65ಕ್ಕೆ ಮೂರು, 66 ಅಥವಾ ಅದಕ್ಕಿಂತ ಜಾಸ್ತಿ ಆದರೆ ನಾಲ್ಕು ದಿನ. ಒಂದು ಪಂದ್ಯದಲ್ಲಿ 41 ಅಥವಾ ಜಾಸ್ತಿ ಪಿಚ್ ಎಸೆದ ಮಗು ಆಮೇಲೆ ಆ ದಿನ ಕ್ಯಾಚರ್ ಆಗುವಂತಿಲ್ಲ. ಕ್ಯಾಚರ್ ಕೂಡ ಪ್ರತಿ ಎಸೆತಕ್ಕೂ ಚೆಂಡನ್ನು ವಾಪಸ್ ಎಸೆಯುತ್ತಲೇ ಇರುತ್ತಾನೆ ಅಲ್ವಾ, ಅದಕ್ಕೆ.

ವಾರಕ್ಕೊಮ್ಮೆ ಆಡುವ ನಮಗೆ ಈ ವಿಶ್ರಾಂತಿ ತಾನಾಗಿಯೇ ಸಿಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಇಲ್ಲೇ ನಮ್ಮ ಊರಿನ ತೊಂದರೆ ಇರೋದು. ನಮ್ಮ ಅರ್ಧ ಮಕ್ಕಳು ಶನಿವಾರ ಕ್ರಿಕೆಟ್ ಅಕಾಡೆಮಿಯಲ್ಲಿ ಬೌಲಿಂಗ್ ಮಾಡಿ ಬರುತ್ತಾರೆ. ಕೈ ಅದೇ, ಭುಜ ಅದೇ. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಪ್ರತಿ ಮಗುವನ್ನೂ ಕೇಳುತ್ತೇವೆ: ನಿನ್ನೆ ಎಷ್ಟು ಓವರ್ ಹಾಕಿದೆ? ಅದನ್ನೂ ಬರೆದುಕೊಳ್ಳುತ್ತೇವೆ. ಜಾಸ್ತಿ ಹಾಕಿದ್ದರೆ ಅವತ್ತು ಅವನು ಫಸ್ಟ್ ಬೇಸ್‌ನಲ್ಲಿ, ಅಂದರೆ ಬ್ಯಾಟರ್ ಓಡಿ ಮೊದಲು ಮುಟ್ಟುವ ಜಾಗದಲ್ಲಿ, ಫೀಲ್ಡಿಂಗ್‌ಗೆ ನಿಲ್ಲುತ್ತಾನೆ. ಎಷ್ಟೇ ಹಟ ಮಾಡಿದರೂ ಎಸೆಯಲು ಬಿಡುವುದಿಲ್ಲ.

ಪುಸ್ತಕದ ಇನ್ನೊಂದು ಕಾಲಂ, ಯಾರು ಎಷ್ಟು ಆಡಿದರು ಅನ್ನೋದು. ಲಿಟಲ್ ಲೀಗ್‌ನಲ್ಲಿ ತಂಡದ ಪ್ರತಿ ಮಗುವೂ ಪಂದ್ಯದಲ್ಲಿ ಕನಿಷ್ಠ ಒಮ್ಮೆ ಬ್ಯಾಟ್ ಮಾಡಬೇಕು, ಆರು ಔಟ್ ಆಗುವವರೆಗೆ ಫೀಲ್ಡಿಂಗ್ ಮಾಡಬೇಕು. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. ಬಂದ ಎಲ್ಲ ಮಕ್ಕಳೂ ಬ್ಯಾಟಿಂಗ್ ಸಾಲಿನಲ್ಲಿರುತ್ತಾರೆ. ಹದಿಮೂರು ಮಕ್ಕಳು ಬಂದರೆ ಹದಿಮೂರೂ ಜನ ಸರದಿ ಪ್ರಕಾರ ಬ್ಯಾಟ್ ಮಾಡುತ್ತಾರೆ. ಬೇಸ್‌ಬಾಲ್‌ನಲ್ಲಿ ಮೂರು ಔಟ್ ಆದರೆ ತಂಡದ ಸರದಿ ಮುಗಿಯುತ್ತದೆ. ಫೀಲ್ಡಿಂಗ್‌ನಲ್ಲಿ ಯಾರೂ ಸಾಲಾಗಿ ಎರಡು ಇನಿಂಗ್ಸ್ ಹೊರಗೆ ಕೂರುವುದಿಲ್ಲ. ಗೆಲ್ಲೋದು ಮುಖ್ಯ ಅಲ್ವಾ ಅಂತ ಕೆಲವು ಅಪ್ಪಂದಿರು ಕೇಳುತ್ತಾರೆ. ಗಲ್ಲಿ ಕ್ರಿಕೆಟ್‌ನಲ್ಲಿ ಕೊನೆಗೆ ನಿಲ್ಲಿಸಿದ ಮಗುವಿಗೆ ಎಷ್ಟು ಸಲ ಬ್ಯಾಟ್ ಸಿಕ್ಕಿದೆ ಅಂತ ನಾನು ಅವರನ್ನೇ ಕೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಎದ್ದು ಬಂದ ಮಗು ಆಡದೆ ಮನೆಗೆ ಹೋಗಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಈಗ ಮೈದಾನ. ಹೋಮ್ ಪ್ಲೇಟ್ ಮತ್ತು ಮೂರು ಬೇಸ್ ಸೇರಿ ಒಂದು ಚೌಕದ ನಾಲ್ಕು ಮೂಲೆ. ಹನ್ನೆರಡು ವರ್ಷದೊಳಗಿನವರಿಗೆ ಬೇಸ್‌ನಿಂದ ಬೇಸ್‌ಗೆ 60 ಅಡಿ, ಪಿಚರ್ ನಿಲ್ಲುವ ಜಾಗ ಹೋಮ್ ಪ್ಲೇಟ್‌ನಿಂದ 46 ಅಡಿ. ದೊಡ್ಡವರ ಅಳತೆ 90 ಅಡಿ ಮತ್ತು 60 ಅಡಿ 6 ಇಂಚು. ಅದನ್ನು ಮಕ್ಕಳಿಗೆ ಹಾಕಬೇಡಿ, ಚೆಂಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಹೋಮ್‌ನಿಂದ 200 ಅಡಿ ಖಾಲಿ ಜಾಗ ಇದ್ದರೆ ಸಾಕು. ಕ್ರಿಕೆಟ್ ಮೈದಾನದ ಒಂದು ಮೂಲೆ ಆಗುತ್ತದೆ. ಆದರೆ ರವಿವಾರ ಅಲ್ಲಿ ಎಷ್ಟು ತಂಡ ಆಡುತ್ತವೆ ಅಂತ ನಿಮಗೂ ಗೊತ್ತು. ಆ ಕ್ರಿಕೆಟ್ ಹುಡುಗರ ಜೊತೆ ಮೊದಲೇ ಕೂತು ಮಾತಾಡಿ. ಒಂಬತ್ತೂವರೆಗೆ ಜಾಗ ಬಿಡುತ್ತೇವೆ ಅಂತ ಮಾತು ಕೊಟ್ಟು, ಒಂಬತ್ತೂಕಾಲಿಗೇ ಬಿಡಿ. ನಮ್ಮದು ಅವರ ಜೊತೆ ಒಂದು ಜಗಳವೂ ಆಗಿಲ್ಲ. ಪಾಲಿಕೆಯ ಮೈದಾನವಾದರೆ ಲಿಖಿತ ಅನುಮತಿ ತೆಗೆದುಕೊಂಡು ಅದರ ಝೆರಾಕ್ಸ್ ಕಿಟ್ ಚೀಲದಲ್ಲೇ ಇಡಿ.

ಗೆರೆ ಎಳೆಯೋದು ಸುಲಭ. ಹೋಮ್‌ನಿಂದ ಸೆಕೆಂಡ್ ಬೇಸ್‌ಗೆ ನೇರ ದೂರ 84 ಅಡಿ 10 ಇಂಚು. ಮೊದಲು ಆ ಎರಡು ಗೂಟ ನೆಡಿ. 120 ಅಡಿ ಹಗ್ಗ ತಂದು ನಟ್ಟನಡುವೆ ಒಂದು ಗಂಟು ಹಾಕಿ. ಎರಡೂ ತುದಿಯನ್ನು ಆ ಗೂಟಗಳ ಹತ್ತಿರ ಹಿಡಿದು ಗಂಟನ್ನು ಹೋಮ್‌ನಿಂದ ನೋಡಿದಾಗ ಬಲಕ್ಕೆ ಜಗ್ಗಿದರೆ ಫಸ್ಟ್ ಬೇಸ್, ಎಡಕ್ಕೆ ಜಗ್ಗಿದರೆ ಥರ್ಡ್ ಬೇಸ್. ಮೇಲೆ ಬಿಳಿ ಪುಡಿ ಹಾಕಿ. ಇಲ್ಲಿ ಅಂಗಡಿಯಲ್ಲಿ ಫಕ್ಕಿ ಅಂತ ಕೇಳಿದರೆ ಕೊಡುತ್ತಾರೆ. ದಿಕ್ಕಿನ ಬಗ್ಗೆ ಒಂದು ಮಾತು. ಹೋಮ್‌ನಿಂದ ಪಿಚರ್ ಕಡೆಗಿನ ಗೆರೆ ಈಶಾನ್ಯಕ್ಕೆ, ಸ್ವಲ್ಪ ಪೂರ್ವದ ಕಡೆ ವಾಲಿ ಇರಲಿ ಅಂತ ಬೇಸ್‌ಬಾಲ್ ನಿಯಮ ಪುಸ್ತಕ ಹೇಳುತ್ತದೆ. ಮಧ್ಯಾಹ್ನ ಆಡುವವರಿಗೆ ಅದು ಸರಿ, ಇಳಿಯುವ ಸೂರ್ಯ ಬ್ಯಾಟರ್ ಬೆನ್ನಿಗೆ ಇರುತ್ತಾನೆ. ನಾವು ಬೆಳಿಗ್ಗೆ ಆಡುವವರು. ಪುಸ್ತಕದಂತೆ ಹಾಕಿದರೆ ಬೆಳಗಿನ ಬಿಸಿಲು ಬ್ಯಾಟರ್ ಕಣ್ಣಿಗೇ ಹೊಡೆಯುತ್ತದೆ, ಬರುವ ಚೆಂಡು ಕಾಣುವುದಿಲ್ಲ. ಅದಕ್ಕೆ ನಾವು ತಿರುಗಿಸಿ ಹಾಕಿದ್ದೇವೆ. ಫೀಲ್ಡರ್‌ಗಳಿಗೆ ಟೋಪಿ ಕಡ್ಡಾಯ.

ಸೀಸನ್ ದಸರಾ ಮುಗಿದ ಮೇಲೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಎರೆ ಮಣ್ಣಿನಲ್ಲಿ ಕಾಲಿಡಲು ಆಗುವುದಿಲ್ಲ. ನಾವು ದಸರಾ ನಂತರ ಹೆಸರು ಬರೆಸಿಕೊಂಡು, ದೀಪಾವಳಿ ಆದಮೇಲೆ ಒಂದು ತಿಂಗಳು ಬರೀ ಕಲಿಸುತ್ತೇವೆ. ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಪಂದ್ಯ. ಆಮೇಲೆ ಪರೀಕ್ಷೆ. ಮೇ ತಿಂಗಳಲ್ಲಿ ನಮ್ಮ ಮಕ್ಕಳೆಲ್ಲ ಊರಿಗೆ ಹೋಗುತ್ತಾರೆ, ಆಗ ಏನೂ ಇಡಬೇಡಿ. ಪಂದ್ಯ ಆರು ಇನಿಂಗ್ಸ್ ಅಂತ ಇದ್ದರೂ ಒಂದೂವರೆ ಗಂಟೆ ದಾಟಿದ ಮೇಲೆ ಹೊಸ ಇನಿಂಗ್ಸ್ ಶುರು ಮಾಡುವುದಿಲ್ಲ. ಚಿಕ್ಕವರಲ್ಲಿ ಒಂದು ಇನಿಂಗ್ಸ್‌ಗೆ ಐದು ರನ್ ಆದರೆ ಸರದಿ ಬದಲು. ಏಳು ವರ್ಷದೊಳಗಿನವರಿಗೆ ಪಿಚರ್ ಬೇಡವೇ ಬೇಡ. ಸ್ಟ್ಯಾಂಡ್ ಮೇಲೆ ಚೆಂಡು ಇಟ್ಟು ಹೊಡೆಸಿ.

ಕೋಚ್ ವಿಷಯ. ಸಾಫ್ಟ್‌ಬಾಲ್ ಅಥವಾ ಬೇಸ್‌ಬಾಲ್ ಆಡಿದವರು ಮಹಾರಾಷ್ಟ್ರದಲ್ಲಿ ಸಾಕಷ್ಟು ಜನ ಇದ್ದಾರೆ. ಶಾಲೆಗಳ ಪಿಟಿ ಶಿಕ್ಷಕರನ್ನು ಕೇಳಿ, ಒಬ್ಬರಾದರೂ ಸಿಗುತ್ತಾರೆ. ಅವರು ಅಪ್ಪ ಅಮ್ಮಂದಿರಿಗೆ ಕಲಿಸಲಿ, ಅಪ್ಪ ಅಮ್ಮಂದಿರು ತಂಡ ನೋಡಿಕೊಳ್ಳಲಿ. ನಮ್ಮ ಮಕ್ಕಳಿಗೆ ಎಸೆಯುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಲಗೋರಿ ಆಡಿದ ಕೈಗಳು. ಕಷ್ಟವಾಗೋದು ಬೇರೆ ಕಡೆ. ಬ್ಯಾಟ್ ಹಿಡಿದುಕೊಂಡೇ ಓಡುತ್ತಾರೆ. ಬೇಡ ಅಂದರೆ ಹಿಂದಕ್ಕೆ ಬೀಸಿ ಒಗೆಯುತ್ತಾರೆ, ಕ್ಯಾಚರ್‌ಗೆ ತಾಗುತ್ತದೆ. ಬ್ಯಾಟ್ ಪಕ್ಕದಲ್ಲಿ ಬಿಟ್ಟು ಓಡುವುದನ್ನೇ ನಾವು ಎರಡು ವಾರ ಮಾಡಿಸುತ್ತೇವೆ. ಇನ್ನೊಂದು, ಹೊಡೆದು ನಿಂತು ನೋಡುವುದು. ಚೆಂಡು ಗೆರೆಯ ಒಳಗೆ ಬಿದ್ದರೆ ಓಡಲೇಬೇಕು, ಕ್ರಿಕೆಟ್‌ನಂತೆ ಬೇಡ ಅನ್ನುವ ಹಾಗಿಲ್ಲ.

ಸಾಮಾನಿಗೆ ಹೆದರಬೇಡಿ. ಒಂದು ತಂಡ ಬ್ಯಾಟ್ ಮಾಡುವಾಗ ಇನ್ನೊಂದು ಫೀಲ್ಡ್ ಮಾಡುತ್ತದೆ. ಹಾಗಾಗಿ ಎರಡು ತಂಡಕ್ಕೂ ಸೇರಿ ಹನ್ನೆರಡು ಗ್ಲೌಸ್ ಸಾಕು. ಇನಿಂಗ್ಸ್ ಬದಲಾದಾಗ ಗ್ಲೌಸನ್ನು ಅಲ್ಲೇ ಬಿಟ್ಟು ಬರುತ್ತಾರೆ. ಎಸೆಯದ ಕೈಗೆ ಗ್ಲೌಸ್ ಹಾಕುವುದರಿಂದ ಎಡಗೈಯವರಿಗೆ ಬೇರೆ ಬೇಕು, ಎರಡಾದರೂ ಇರಲಿ. ಹಣ ಕಡಿಮೆ ಇದ್ದರೆ ಎಲ್ಲಿ ಬೇಕಾದರೂ ಉಳಿಸಿ, ಎರಡೂ ಕಿವಿ ಮುಚ್ಚುವ ಹೆಲ್ಮೆಟ್‌ನಲ್ಲಿ ಮತ್ತು ಕ್ಯಾಚರ್‌ನ ಮುಖ, ಎದೆ, ಕಾಲಿನ ರಕ್ಷಣೆಯಲ್ಲಿ ಉಳಿಸಬೇಡಿ. ಬೇಸ್‌ಬಾಲ್ ಚೆಂಡು 142ರಿಂದ 149 ಗ್ರಾಂ ತೂಗುತ್ತದೆ. ಕ್ರಿಕೆಟ್ ಚೆಂಡಿಗಿಂತ ತುಸು ಹಗುರ, ಆದರೆ ತಾಗಿದರೆ ನೋವೇನೂ ಕಡಿಮೆ ಅಲ್ಲ. ಮೊದಲ ತಿಂಗಳು ಟೆನಿಸ್ ಚೆಂಡಿನಲ್ಲೇ ಆಡಿಸಿ. ಮೀರತ್ ಮತ್ತು ಜಲಂಧರ್‌ನ ಮಾಲು ಶುರುವಿಗೆ ಚೆನ್ನಾಗಿಯೇ ಇರುತ್ತದೆ. ನಮ್ಮ ಶುಲ್ಕ ಸೀಸನ್‌ಗೆ 1,500 ರೂಪಾಯಿ. ಕೊಡಲಾಗದವರನ್ನು ಕೇಳುವುದಿಲ್ಲ. ಟೀ ಶರ್ಟ್ ಖರ್ಚನ್ನು ಕುಂದಾಪುರ ಕಡೆಯ ಒಬ್ಬ ಹೋಟೆಲಿನವರು ಹೊತ್ತಿದ್ದಾರೆ. ಪಂದ್ಯದ ದಿನ ಐಸ್ ಕೂಡ ಅವರ ಅಡುಗೆಮನೆಯಿಂದಲೇ ಬರುತ್ತದೆ. ಜಮಾ ಖರ್ಚನ್ನು ಪ್ರತಿ ತಿಂಗಳು ವಾಟ್ಸಾಪ್ ಗುಂಪಿಗೆ ಹಾಕಿ, ಯಾರೂ ಕೇಳದಿದ್ದರೂ ಹಾಕಿ. ಸಂಸ್ಥೆ ಅಂತ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು, ಮೊದಲ ವರ್ಷವೇ ಅದರ ಹಿಂದೆ ಬೀಳಬೇಡಿ.

ತಂಡ ಮಾಡುವುದರಲ್ಲಿ ನಾವು ದೊಡ್ಡ ತಪ್ಪು ಮಾಡಿದ್ದೆವು. ಮೊದಲ ವರ್ಷ ಯಾವ ಅಪಾರ್ಟ್‌ಮೆಂಟ್ ಸೊಸೈಟಿಯವರು ಅಂತ ನೋಡಿ ತಂಡ ಮಾಡಿದೆವು. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರದವರ ಮಕ್ಕಳು ಶೆಡ್ಡುಗಳಿಂದ ಬರುತ್ತಿದ್ದರು. ಅವರದು ತಾನಾಗಿಯೇ ಬೇರೆ ತಂಡವಾಯಿತು. ಅವರಿಗೆ ಬೂಟೂ ಇಲ್ಲ, ಕರೆದುಕೊಂಡು ಬರುವ ದೊಡ್ಡವರೂ ಇಲ್ಲ. ಅದು ಸರಿಯಲ್ಲ ಅಂತ ಎರಡನೇ ವಾರವೇ ಕಾಣುತ್ತಿತ್ತು, ಆದರೂ ಇಡೀ ಸೀಸನ್ ಹಾಗೇ ನಡೆಸಿದೆವು. ಈಗ ಎರಡು ದಿನ ಎಲ್ಲರ ಓಟ, ಎಸೆತ, ಹಿಡಿತ, ಹೊಡೆತ ನೋಡಿ ಅಂಕ ಹಾಕುತ್ತೇವೆ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದ ತಂಡ ಎರಡನೇ ಸುತ್ತಿನಲ್ಲಿ ಮೊದಲು ಆರಿಸುತ್ತದೆ. ಅಣ್ಣ ತಮ್ಮಂದಿರು ಒಂದೇ ತಂಡದಲ್ಲಿ. ಸೊಸೈಟಿ ಲೆಕ್ಕಕ್ಕೇ ಇಲ್ಲ. ಕೆಲಸದ ಸೈಟ್ ಮುಗಿದರೆ ಕೆಲವು ಮಕ್ಕಳು ನಡುವೆಯೇ ಹೋಗಿಬಿಡುತ್ತಾರೆ, ಅದಕ್ಕೆ ಒಂಬತ್ತು ಜನರ ಆಟಕ್ಕೆ ಹದಿಮೂರು ಜನ. ಕಳೆದ ವರ್ಷ ಯಾದಗಿರಿಯ ಒಬ್ಬ ಹುಡುಗಿಯ ಮನೆಯವರು ಹಿಂಜವಡಿ ಸೈಟಿಗೆ ಹೋದರು. ಅವಳ ತಂಡದ ಒಬ್ಬ ಮರಾಠಿ ಹುಡುಗಿಯ ಅಮ್ಮ ಪ್ರತಿ ರವಿವಾರ ಮಗಳನ್ನೂ ಕೂರಿಸಿಕೊಂಡು ಸ್ಕೂಟರ್‌ನಲ್ಲಿ ಹೋಗಿ ಅವಳನ್ನು ಕರೆತಂದರು. ಯಾರೂ ಹೇಳಿದ್ದಲ್ಲ. ವಯಸ್ಸಿಗೆ ಜನ್ಮದಾಖಲೆ ಇಲ್ಲದಿದ್ದರೆ ಶಾಲೆಯ ದಾಖಲೆ ಸಾಕು ಅನ್ನಿ, ಇಲ್ಲದಿದ್ದರೆ ಇಂಥ ಮಕ್ಕಳೇ ಹೊರಗೆ ಉಳಿಯುತ್ತಾರೆ.

ಒಂದು ನಿಯಮವನ್ನು ಮೊದಲ ದಿನವೇ ಎಲ್ಲರಿಗೂ ಹೇಳಿ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಮೈದಾನದಲ್ಲೂ ಅಷ್ಟೇ, ಬಿಟ್ಟು ಬರುವಾಗಲೂ ಅಷ್ಟೇ. ಯಾರಿಗೂ ಬೇಜಾರಾಗುವುದಿಲ್ಲ, ಎಲ್ಲರಿಗೂ ಒಂದೇ ನಿಯಮವಾದರೆ.

ಮುಂದೇನು ಅಂತ ಅಪ್ಪಂದಿರು ಕೇಳುತ್ತಾರೆ. ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ), ದಿನೇಶ್ ಪಟೇಲ್ ಹೆಸರು ಹೇಳುತ್ತಾರೆ. ಜಾವೆಲಿನ್ ಎಸೆಯುತ್ತಿದ್ದ ಆ ಇಬ್ಬರು 2008ರಲ್ಲಿ ಒಂದು ಸ್ಪರ್ಧೆಯಿಂದ ಆಯ್ಕೆಯಾಗಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡಿದ್ದು ನಿಜ. ಅವರೂ ಅಲ್ಲಿನ ಮೇಲಿನ ಲೀಗ್ ಮುಟ್ಟಲಿಲ್ಲ. ಆ ಆಸೆ ತೋರಿಸಿ ಮಕ್ಕಳನ್ನು ಸೇರಿಸಬೇಡಿ. ಇಲ್ಲೇ ಹತ್ತಿರದ ದಾರಿ ಒಂದಿದೆ. ಶಾಲಾ ಕ್ರೀಡಾಕೂಟದಲ್ಲಿ ಬೇಸ್‌ಬಾಲ್ ಇದೆ, ಜಿಲ್ಲೆಯಿಂದ ವಿಭಾಗ, ರಾಜ್ಯ, ರಾಷ್ಟ್ರದವರೆಗೆ. ಅಲ್ಲಿ ಮಗು ತನ್ನ ಶಾಲೆಯ ಹೆಸರಿನಲ್ಲಿ ಆಡಬೇಕು. ಹಾಗಾಗಿ ಶಾಲೆಯ ಪಿಟಿ ಶಿಕ್ಷಕರ ಜೊತೆ ಮಳೆಗಾಲದಲ್ಲೇ ಮಾತಾಡಿ ಇಟ್ಟುಕೊಳ್ಳಿ.

ಆ ಮೊಣಕೈ ನೋವಿನ ಹುಡುಗನಿಗೆ ಈಗ ಹದಿನಾರು. ಚಿಕ್ಕವರ ಪಂದ್ಯಕ್ಕೆ ಅವನೇ ಸ್ಕೋರ್ ಬರೆಯುತ್ತಾನೆ. ಮಿತಿಗೆ ಐದು ಪಿಚ್ ಉಳಿದಾಗ ಎದ್ದು ನಿಂತು ಕೋಚ್‌ಗೆ ಕೈ ತೋರಿಸುತ್ತಾನೆ. ನೀವು ಯಾವ ರವಿವಾರವಾದರೂ ನಿಗಡಿಗೆ ಬನ್ನಿ, ಅವನ ಪಕ್ಕ ಕೂತು ಒಂದು ಪಂದ್ಯದ ಪುಸ್ತಕ ಬರೆದು ನೋಡಿ. ಆರೂವರೆಗೆ ಬಂದರೆ ಇನ್ನೂ ಒಳ್ಳೆಯದು. ಗೆರೆ ಎಳೆಯುವಾಗ ಹಗ್ಗದ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗುತ್ತಾರೆ.